ಯಾರಿಗಾಗಿ ಬರೆದಿರಿ ಆ ಲೇಖನವನ್ನು?

(ಪತ್ರ ಬರೆದವರು ತಿಪಟೂರು ಕಡೆಯ ನಿವೃತ್ತ ಹೈಸ್ಕೂಲು ಮೇಷ್ಟ್ರು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ನಾಲ್ಕು ಹಾಳೆಯ ಪತ್ರದ ಮುಖ್ಯ ಭಾಗ ಇದು:

“ಕಳೆದ ಸಂಚಿಕೆಯಲ್ಲಿ ನೋವಿನ ಮಾತ್ರೆಗಳ ಚಟದ ಬಗ್ಗೆ ನೀವು ಹಾಕಿದ ಲೇಖನವನ್ನು ನನ್ನ ಮಗ ಓದಿದ. ಅವನ ತಾಯಿಗೆ ಸ್ತನ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ. ಕರೆಂಟು (ರೇಡಿಯೇಷನ್) ಕೊಡಿಸಿದ್ದಾಯಿತು, ಕಿಮೊ ಆಯಿತು. ಹದಿನಾಲ್ಕು ತಿಂಗಳಿಂದ ಬೆಂಗಳೂರಿನ ಆಸ್ಪತ್ರೆಯವರು ಕೊಟ್ಟ ಮಾರ್ಫಿನ್ ಮಾತ್ರೆ ನಡೆಯುತ್ತಿತ್ತು. ಶನಿವಾರ ಊರಿಗೆ ಬಂದವನೇ ‘ಅಮ್ಮನನ್ನ ಅಡಿಕ್ಟ್ ಮಾಡಿಬಿಟ್ರಿ’ ಅಂತ ಎಲ್ಲವನ್ನೂ ಬಚ್ಚಲಿಗೆ ಸುರಿದ. ಎರಡನೇ ದಿನಕ್ಕೆ ಅವಳಿಗೆ ಮೈಯೆಲ್ಲ ಬೆವರು, ಮೂಗು ಸೋರುವುದು, ಭೇದಿ. ನೋಡಲು ಬಂದ ನೆಂಟರು, ಚಟ ಹತ್ತಿರೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಎಂದರು. ಮೊನ್ನೆ ಮೊನ್ನೆಯವರೆಗೆ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಆರು ದಿನದಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಇನ್ನೊಂದು ಕಡೆ ನನ್ನ ತಮ್ಮನ ಮಗ. ಬೈಕಿನಿಂದ ಬಿದ್ದು ಬೆನ್ನಿನ ಆಪರೇಷನ್ ಆಗಿ ಮೂರು ವರ್ಷ ಆಯಿತು. ಟ್ರಮಡಾಲ್ ಮಾತ್ರೆ ಬಿಟ್ಟಿಲ್ಲ. ಚೀಟಿ ಇಲ್ಲದೆ ಎಲ್ಲೆಲ್ಲಿಂದಲೋ ತರುತ್ತಾನೆ. ಅವನಿಗೂ ನೋವು ಇರುವುದು ನಿಜ. ಒಂದು ಮಾತು ಕೇಳುತ್ತೇನೆ, ಯಾರಿಗಾಗಿ ಬರೆದಿರಿ ಆ ಲೇಖನವನ್ನು? ನನ್ನ ಹೆಂಡತಿಗೋ, ಆ ಹುಡುಗನಿಗೋ?”)

ಮೇಷ್ಟ್ರೇ, ನಮಸ್ಕಾರ.

ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿದೆ. ಮಾಸಪತ್ರಿಕೆಯ ಉತ್ತರಕ್ಕೆ ಕಾಯುವಂಥ ವಿಷಯ ಅದಾಗಿರಲಿಲ್ಲ. ಅಂದು ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ನಮ್ಮ ಲೇಖನ ಓದಿ ಇನ್ನೂ ಯಾವ ಯಾವ ಮನೆಯಲ್ಲಿ ಮಾತ್ರೆ ಬಚ್ಚಲಿಗೆ ಹೋಗಿದೆಯೋ ಎಂಬ ಭಯ ನನಗಿದೆ. ತಿಂಗಳುಗಟ್ಟಲೆ ತೆಗೆದುಕೊಂಡ ಮಾರ್ಫಿನ್ನನ್ನು ಏಕಾಏಕಿ ನಿಲ್ಲಿಸಬಾರದು. ನಿಲ್ಲಿಸಿ ಕೆಲವು ದಿನ ಕಳೆದಿದ್ದರೆ ಹಳೆಯ ಪ್ರಮಾಣವನ್ನೇ ಮನೆಯಲ್ಲಿ ತಾವಾಗಿ ಶುರು ಮಾಡಲೂ ಬಾರದು. ಅಷ್ಟರಲ್ಲಿ ಮೈಗೆ ಒಗ್ಗಿದ್ದು ಬಿಟ್ಟುಹೋಗಿರುತ್ತದೆ, ಹೋದ ವಾರ ಸರಿಯಾಗಿದ್ದ ಪ್ರಮಾಣ ಈ ವಾರ ಉಸಿರಾಟವನ್ನೇ ಕುಗ್ಗಿಸಬಹುದು. ಮಾತ್ರೆ ಬರೆದ ವೈದ್ಯರನ್ನೇ ಕೇಳಬೇಕು. ನೀವು ಕೇಳಿದಿರಿ, ಅವರು ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿಸಿದ್ದಾರೆ ಎಂದು ಮೊನ್ನೆ ತಿಳಿಸಿದಿರಿ. ಅದನ್ನು ಕೇಳಿದ ಮೇಲೆಯೇ ನನಗೆ ಈ ಉತ್ತರ ಬರೆಯುವ ಧೈರ್ಯ ಬಂದದ್ದು.

ಆ ಲೇಖನವನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನು. ನಿಮ್ಮ ಪತ್ರ ಬಂದ ಮೇಲೆ ಮತ್ತೆ ತೆಗೆದು ಓದಿದೆ. ಮೂರು ಪುಟದಲ್ಲಿ ಮಾರ್ಫಿನ್ ಎಂಬ ಹೆಸರು ಐದು ಸಲ ಬಂದಿದೆ, ಐದು ಸಲವೂ ಹೆರಾಯಿನ್ ಪಕ್ಕದಲ್ಲೇ. ಕ್ಯಾನ್ಸರ್ ಎಂಬ ಪದ ಒಂದು ಸಲವೂ ಇಲ್ಲ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ, ಆದರೆ ಹೇಳಲೇಬೇಕಾಗಿದ್ದ ಅರ್ಧ ಇರಲಿಲ್ಲ. ಅದರ ನೋವನ್ನು ಆರು ದಿನ ನಿಮ್ಮ ಮನೆಯವರು ಉಂಡರು. ಅವರಲ್ಲಿ ಕ್ಷಮೆ ಕೇಳುತ್ತೇನೆ.

ಮೊದಲು ಆ ನೆಂಟರ ಮಾತಿಗೆ ಬರೋಣ. ಬೆವರು, ಮೂಗು ಸೋರುವುದು, ಆಕಳಿಕೆ, ಮೈ ಜುಮ್ಮೆನ್ನುವುದು, ಭೇದಿ, ಇವೆಲ್ಲ ಮೈ ಒಂದು ಔಷಧಕ್ಕೆ ಒಗ್ಗಿಕೊಂಡಿತ್ತು ಎಂಬುದನ್ನು ಹೇಳುತ್ತವೆ. ಚಟ ಹಿಡಿದಿದೆ ಎಂದು ಹೇಳುವುದಿಲ್ಲ. ಎರಡೂ ಬೇರೆ. ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಕುಸಿದುಬೀಳಬಹುದು. ಬಿ.ಪಿ.ಯ ಕೆಲವು ಮಾತ್ರೆಗಳನ್ನು ಒಮ್ಮೆಗೇ ಬಿಟ್ಟರೆ ಬಿ.ಪಿ. ಮೊದಲಿಗಿಂತ ಮೇಲೆ ಹೋಗಬಹುದು. ಅವರನ್ನು ಯಾರೂ ಚಟಗಾರರು ಅನ್ನುವುದಿಲ್ಲ. ಚಟ ಅನ್ನುವುದು ಮಾತ್ರೆಯ ಹಿಂದೆ ಮನಸ್ಸು ಓಡುವುದು: ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರುವುದು, ಲೆಕ್ಕ ತಪ್ಪುವುದು, ಬಚ್ಚಿಡುವುದು, ಮನೆ, ಕೆಲಸ, ಊಟ ಎಲ್ಲ ಅದರ ಹಿಂದಕ್ಕೆ ಸರಿಯುವುದು. ನಿಮ್ಮ ಮನೆಯ ಅಡುಗೆಮನೆ ಕ್ಯಾಲೆಂಡರಿನ ಫೋಟೊವನ್ನು ವಾಟ್ಸ್ಯಾಪಿನಲ್ಲಿ ಕಳಿಸಿದಿರಲ್ಲ, ಅದರಲ್ಲೇ ಉತ್ತರವಿದೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6 ಗಂಟೆಗೆ ಒಂದೊಂದು, ರಾತ್ರಿ 10ಕ್ಕೆ ಎರಡು. ಪ್ರತಿ ಚೌಕದಲ್ಲೂ ನಿಮ್ಮ ಕೈಯ ಕೆಂಪು ಟಿಕ್. ಹದಿನಾಲ್ಕು ತಿಂಗಳಲ್ಲಿ ಒಮ್ಮೆ ಪ್ರಮಾಣ ಏರಿದೆ, ಅದೂ ವೈದ್ಯರು ಏರಿಸಿದ್ದು. ಮಾತ್ರೆ ತೆಗೆದುಕೊಂಡು ಅವರು ಮಾಡಿದ್ದೇನು? ಜಗಲಿಗೆ ಬಂದು ಅವರೆಕಾಯಿ ಸುಲಿದರು. ಚಟ ಬದುಕನ್ನು ಮೂಲೆಗೆ ತಳ್ಳುತ್ತದೆ. ಇಲ್ಲಿ ಮಾತ್ರೆ ಅವರನ್ನು ಮೂಲೆಯಿಂದ ಎಬ್ಬಿಸಿ ಜಗಲಿಗೆ ತಂದಿತ್ತು. ಕ್ಯಾಲೆಂಡರಿನಲ್ಲಿ ಟಿಕ್ ಇಲ್ಲದ ಆರು ಚೌಕ ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ನನಗೆ ಇದು ಬರೀ ಕಾಗದದ ವಿಷಯವಲ್ಲ. 1996ರಲ್ಲಿ ನಮ್ಮ ಚಿಕ್ಕಪ್ಪ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ “ಇನ್ನು ಮನೆಗೆ ಕರಕೊಂಡು ಹೋಗಿ, ಸ್ವಲ್ಪ ತಡಕೋಬೇಕು” ಎಂದರು. ಬರೆದುಕೊಟ್ಟದ್ದು ಜ್ವರಕ್ಕೆ ಕೊಡುವ ಮಾತ್ರೆ. ರಾತ್ರಿ ಕೂಗು ಪಕ್ಕದ ಮನೆಗೆ ಕೇಳಬಾರದು ಅಂತ ಟವೆಲನ್ನು ಸುತ್ತಿ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಅವರು ಹೋದ ಮೇಲೆ ಚಿಕ್ಕಮ್ಮ ಆ ಟವೆಲ್ಲುಗಳನ್ನು ಒಗೆದು ಹರವುವಾಗ ನೋಡಿದೆ, ಅಂಚುಗಳೆಲ್ಲ ಜಾಳಾಗಿದ್ದವು. ಆ ವೈದ್ಯರು ಕಲ್ಲುಮನಸ್ಸಿನವರು ಎಂದು ತುಂಬ ವರ್ಷ ಅಂದುಕೊಂಡಿದ್ದೆ. ಅವರ ಕಪಾಟಿನಲ್ಲಿ ಮಾರ್ಫಿನ್ ಇರಲೇ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಯಾಕಿರಲಿಲ್ಲ ಎಂಬುದು ಹೇಳಬೇಕಾದ ಕಥೆ. ನಮ್ಮ ಹಬ್ಬದ ಪಾಯಸಕ್ಕೆ ಹುರಿಯುವ ಗಸಗಸೆ ಯಾವ ಗಿಡದ ಬೀಜವೋ ಆ ಗಿಡದ ಕಾಯಿಯ ಹಾಲೇ ಅಫೀಮು. ಅದರಿಂದ ತೆಗೆಯುವುದೇ ಮಾರ್ಫಿನ್. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಅದನ್ನು ಬೆಳೆಯುತ್ತಾರೆ. ಗಾಜಿಪುರ, ನೀಮಚ್‌ಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಅಂದರೆ ಜಗತ್ತಿಗೆ ಕಚ್ಚಾ ಮಾಲು ಕೊಟ್ಟ ದೇಶ ನಮ್ಮದು. ಆದರೆ 1985ರಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂತು. ಕಳ್ಳಸಾಗಣೆ ತಡೆಯಲು ಮಾಡಿದ ಕಾನೂನು, ಆಗ ತಪ್ಪಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಆಸ್ಪತ್ರೆಗೆ ಮಾರ್ಫಿನ್ ತರಿಸಬೇಕಾದರೆ ಇಟ್ಟುಕೊಳ್ಳಲು ಒಂದು, ಸಾಗಿಸಲು ಒಂದು, ಆ ರಾಜ್ಯದಿಂದ ಹೊರಗೆ ಕಳಿಸಲು ಒಂದು, ಈ ರಾಜ್ಯಕ್ಕೆ ಒಳಗೆ ತರಲು ಒಂದು ಅಂತ ಪರವಾನಗಿಗಳು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಔಷಧದಂಗಡಿಗಳು ಕೈಬಿಟ್ಟವು, ಆಸ್ಪತ್ರೆಗಳು ತರಿಸುವುದು ನಿಲ್ಲಿಸಿದವು. ಹನ್ನೆರಡೇ ವರ್ಷದಲ್ಲಿ ದೇಶದಲ್ಲಿ ಔಷಧವಾಗಿ ಬಳಸುವ ಮಾರ್ಫಿನ್ ಶೇ. 90ಕ್ಕೂ ಹೆಚ್ಚು ಕುಸಿಯಿತು. ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಪದವಿ ಪಡೆದರು. ನಮ್ಮ ಚಿಕ್ಕಪ್ಪನ ಟವೆಲ್ಲು ಆ ಕಾಲದ್ದು.

ಅದೇ ಕಾಲದಲ್ಲಿ ಪಕ್ಕದ ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಗೆಳೆಯರು 1993ರಲ್ಲಿ ಕೋಳಿಕ್ಕೋಡಿನಲ್ಲಿ ಸಂಘ ಕಟ್ಟಿ, ಮಾರ್ಫಿನ್ ಮಾತ್ರೆಯನ್ನು ರೋಗಿಗಳ ಮನೆಗೇ ಕೊಟ್ಟು ಕಳಿಸತೊಡಗಿದರು. ಕಳ್ಳದಾರಿ ಹಿಡಿಯುತ್ತದೆ ಎಂದು ಹೆದರಿಸಿದವರಿಗೆ ಅವರು ಲೆಕ್ಕದಲ್ಲೇ ಉತ್ತರ ಕೊಟ್ಟರು. ಎರಡು ವರ್ಷದಲ್ಲಿ 1,723 ರೋಗಿಗಳು ಮಾರ್ಫಿನ್ ಒಯ್ದಿದ್ದರು. ಅದು ಬೇರೆಯವರ ಕೈಸೇರಿದ, ದುರುಪಯೋಗವಾದ ಒಂದು ಪ್ರಕರಣವೂ ಕಾಣಲಿಲ್ಲ. 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಅಂಥವರು ವರ್ಷಾನುಗಟ್ಟಲೆ ಬಾಗಿಲು ತಟ್ಟಿದ್ದಕ್ಕೇ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಮಾರ್ಫಿನ್ ಸೇರಿ ಆರು ಔಷಧಗಳನ್ನು ‘ಅಗತ್ಯ’ ಎಂದು ಗುರುತಿಸಿ, ತರಬೇತಿ ಪಡೆದ ವೈದ್ಯರಿರುವ ಮಾನ್ಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಒಪ್ಪಿಗೆ ಸಾಕು ಎಂದು ನಿಯಮ ಮಾಡಿದರು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯದಂಥ ಹಾಸ್ಪಿಸ್ ಇರುವ ಕಡೆ ನಮ್ಮವರಿಗೆ ಒಂದಿಷ್ಟು ನೆರಳು ಸಿಕ್ಕಿದೆ. ಆದರೂ 2017ರಲ್ಲಿ ‘ಲ್ಯಾನ್ಸೆಟ್’ ಆಯೋಗ ಕೊಟ್ಟ ಲೆಕ್ಕ ನೋಡಿ. ಉಪಶಮನ ಆರೈಕೆ, ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆ, ಬೇಕಾದ ಒಬ್ಬೊಬ್ಬ ರೋಗಿಯ ಪಾಲಿಗೆ ಭಾರತದಲ್ಲಿ ವರ್ಷಕ್ಕೆ ಬರುತ್ತಿದ್ದುದು ಮಾರ್ಫಿನ್ ಲೆಕ್ಕದಲ್ಲಿ 43 ಮಿಲಿಗ್ರಾಂ, ಬೇಕಾದದ್ದರಲ್ಲಿ ಶೇ. 4. ನಿಮ್ಮ ಮನೆಯವರ ಒಂದು ದಿನದ ಪ್ರಮಾಣ 60. ಅಂದರೆ ನಮ್ಮಲ್ಲಿ ರೋಗಿಯೊಬ್ಬರ ಪಾಲಿಗೆ ವರ್ಷಕ್ಕೆಲ್ಲ ಬರುತ್ತಿದ್ದುದು ಅವರಿಗೆ ಒಂದು ದಿನಕ್ಕೂ ಸಾಲದು. ಅಮೆರಿಕದಲ್ಲಿ ಅದೇ ಲೆಕ್ಕ 55,000 ಮಿಲಿಗ್ರಾಂ ದಾಟಿತ್ತು.

ಆ ಅಮೆರಿಕದಲ್ಲಿ ನೋವಿನ ಮಾತ್ರೆಗಳ ಚಟ ಹಬ್ಬಿದ ಸುದ್ದಿಯೇ ನಿಮ್ಮ ಮಗನನ್ನು ಹೆದರಿಸಿದ್ದು, ನಮ್ಮ ಲೇಖನ ತುಂಬಾ ಇದ್ದದ್ದೂ ಅದೇ. ಅಲ್ಲಿ ಆದದ್ದನ್ನು ಸಂಪಾದಕನಾಗಿ ನಾನು ಮೈಮೇಲೆ ತಂದುಕೊಂಡು ಓದುತ್ತೇನೆ, ಏಕೆಂದರೆ ಅದರಲ್ಲಿ ಪತ್ರಿಕೆಗೆ ಬಂದ ಒಂದು ಪುಟ್ಟ ಪತ್ರದ ಪಾತ್ರವಿದೆ. 1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ಗೆ ಬಾಸ್ಟನ್ನಿನ ಇಬ್ಬರು ಐದು ವಾಕ್ಯದ ಪತ್ರ ಬರೆದರು. ಆಸ್ಪತ್ರೆಯಲ್ಲಿ ಮಾರ್ಫಿನ್‌ನಂಥ ಔಷಧ ಪಡೆದ 11,882 ಒಳರೋಗಿಗಳ ದಾಖಲೆಯಲ್ಲಿ, ಮೊದಲು ಚಟ ಇಲ್ಲದವರಲ್ಲಿ ಚಟ ಕಂಡದ್ದು ನಾಲ್ಕೇ ಜನರಲ್ಲಿ ಎಂದು. ಆಸ್ಪತ್ರೆಯ ಮಂಚದ ಮೇಲೆ, ನರ್ಸ್ ಕೈಯಿಂದ ಪಡೆದ ಔಷಧದ ಮಾತು ಅದು. ಮನೆಗೆ ಒಯ್ದು ವರ್ಷಗಟ್ಟಲೆ ನುಂಗುವುದರ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ಆದರೆ ಮುಂದಿನ ಮೂವತ್ತೇಳು ವರ್ಷಗಳಲ್ಲಿ ಆರುನೂರಕ್ಕೂ ಹೆಚ್ಚು ಬರಹಗಳು ಅದನ್ನು ಉಲ್ಲೇಖಿಸಿದವು. ಅವರು ಒಳರೋಗಿಗಳು ಎಂಬ ಮಾತನ್ನು ಐದರಲ್ಲಿ ನಾಲ್ಕು ಬರಹಗಳು ಬಿಟ್ಟೇಬಿಟ್ಟವು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ಇದೇ ವರ್ಗದ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಾಗ, ಚಟದ ಅಪಾಯ ಶೇ. 1ಕ್ಕಿಂತ ಕಡಿಮೆ ಎಂದು ಅದರ ಪ್ರತಿನಿಧಿಗಳು ವೈದ್ಯರಿಗೆ ಹೇಳಿಕೊಂಡು ತಿರುಗಿದರು. ಬೆನ್ನುನೋವು, ಮಂಡಿನೋವು ಅಂತ ಬಂದವರಿಗೂ ಚೀಟಿಗಳು ಹರಿದವು. ಜನರ ದಾರಿ ತಪ್ಪಿಸಿದ್ದನ್ನು ಆ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟೋ ಊರುಗಳು ಮಕ್ಕಳನ್ನು ಕಳೆದುಕೊಂಡಿದ್ದವು. ಆ ಸಂಕಟವನ್ನು ನಾನು ಒಂದು ಕೂದಲೆಳೆಯಷ್ಟೂ ಹಗುರ ಮಾಡಲಾರೆ.

ನಾವು ಬರೆಯದೆ ಬಿಟ್ಟದ್ದು ಅದರ ಮುಂದಿನ ಭಾಗ. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ವೈದ್ಯರಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಮಟ್ಟಕ್ಕೆ ಏರಿಸುವುದನ್ನು ತಪ್ಪಿಸಿ, ಏರಿಸಲೇಬೇಕಾದರೆ ಚೆನ್ನಾಗಿ ಯೋಚಿಸಿ ಎಂದಿತು. ಕ್ಯಾನ್ಸರ್ ಚಿಕಿತ್ಸೆ, ಕೊನೆಗಾಲದ ಆರೈಕೆಗೆ ಇದು ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆದಿತ್ತು. ಹತ್ತಾರು ವರ್ಷ ನೋವು ಉಂಡು, ಔಷಧದಿಂದ ಹೇಗೋ ಕೆಲಸಕ್ಕೆ ಹೋಗಿ ಬರುತ್ತಿದ್ದವರಿಗೆ ಆದದ್ದೇನು? ವಿಮಾ ಕಂಪನಿಗಳು, ಔಷಧದಂಗಡಿಗಳು, ಕೆಲವು ರಾಜ್ಯಗಳು 90 ಎಂಬ ಅಂಕಿಯನ್ನು ಮಾತ್ರ ಎತ್ತಿಕೊಂಡು ಗೋಡೆ ಕಟ್ಟಿದವು. ವೈದ್ಯರು ಲೈಸೆನ್ಸ್ ಹೋದೀತು ಎಂದು ಹೆದರಿ ಹಳೆಯ ರೋಗಿಗಳನ್ನು ಕೈಬಿಟ್ಟರು, ಥಟ್ಟನೆ ನಿಲ್ಲಿಸಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ಆಡಳಿತ, ಹೀಗೆ ಏಕಾಏಕಿ ನಿಲ್ಲಿಸುವುದು ಆತ್ಮಹತ್ಯೆಯವರೆಗೂ ಒಯ್ಯಬಹುದು ಎಂದು ಎಚ್ಚರಿಸಿತು. ಮಾರ್ಗಸೂಚಿ ಬರೆದವರೇ, ನಮ್ಮ ಮಾತನ್ನು ತಪ್ಪಾಗಿ ಬಳಸುತ್ತಿದ್ದೀರಿ ಎಂದು ಬರೆಯಬೇಕಾಯಿತು. 2022ರಲ್ಲಿ ಅದನ್ನು ಪರಿಷ್ಕರಿಸಿ ಆ ಅಂಕಿಯ ಗೆರೆಯನ್ನು ಶಿಫಾರಸಿನಿಂದ ತೆಗೆದರು. ಚೀಟಿ ಕಡಿಮೆಯಾದದ್ದಕ್ಕೆ ಸಾವು ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. ವೈದ್ಯರ ಚೀಟಿಗಳು 2012ರಿಂದಲೇ ಇಳಿಯತೊಡಗಿದವು. ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಸತ್ತವರು ಆ ವರ್ಷ ಸುಮಾರು 41,000. 2021ರಲ್ಲಿ ಒಂದು ಲಕ್ಷ ದಾಟಿತು. ಕೊಂದದ್ದು ಹೆಚ್ಚಾಗಿ ಕಳ್ಳದಾರಿಯಲ್ಲಿ ಬಂದ, ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ತೀವ್ರವಾದ ಫೆಂಟನಿಲ್.

ಮೊದಲು ಐದು ವಾಕ್ಯವನ್ನು ಅರ್ಧ ಓದಿದರು. ಆಮೇಲೆ ಮಾರ್ಗಸೂಚಿಯಲ್ಲಿ ಒಂದು ಅಂಕಿಯನ್ನಷ್ಟೇ ಓದಿದರು. ಎರಡು ಸಲವೂ ಎದುರಿಗೆ ಕೂತ ರೋಗಿಯನ್ನು ಓದಲಿಲ್ಲ. ನಮ್ಮ ಲೇಖನ ನಿಮ್ಮ ಮನೆಯಲ್ಲಿ ಮಾಡಿದ್ದೂ ಅದನ್ನೇ.

ಈಗ ನಿಮ್ಮ ತಮ್ಮನ ಮಗ. ಮೇಷ್ಟ್ರೇ, ಅವನ ವಿಷಯ ನಿಮ್ಮ ಮನೆಯವರದಕ್ಕಿಂತ ಕಷ್ಟದ್ದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡಬೇಕೇ ಎಂಬ ಪ್ರಶ್ನೆಗೆ ವೈದ್ಯಲೋಕ ಉತ್ತರ ಕೊಟ್ಟು ದಶಕಗಳಾದವು. ಬೆನ್ನು, ಸೊಂಟ, ಮಂಡಿಯ ಹಳೆಯ ನೋವಿಗೆ ಹಾಗಲ್ಲ. 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಅಂಥ 240 ಜನರನ್ನು ಒಂದು ವರ್ಷ ನೋಡಿದರು. ಅರ್ಧ ಜನಕ್ಕೆ ಮಾರ್ಫಿನ್, ಟ್ರಮಡಾಲ್‌ನಂಥ ಅಫೀಮು ವರ್ಗದ ಔಷಧ, ಅರ್ಧ ಜನಕ್ಕೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಿಂದ ಶುರುವಾಗುವ ಬೇರೆ ಔಷಧಗಳು. ವರ್ಷದ ಕೊನೆಗೆ ಓಡಾಟ, ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ. ನೋವಂತೂ ಎರಡನೇ ಗುಂಪಿನವರಿಗೇ ತುಸು ಕಡಿಮೆಯಿತ್ತು. ಹಾಗಂತ ಮೂರು ವರ್ಷದಿಂದ ಟ್ರಮಡಾಲ್ ಮೇಲಿರುವ ಹುಡುಗನಿಗೆ ‘ಇದರಿಂದ ಉಪಯೋಗವಿಲ್ಲ, ಬಿಡು’ ಎಂದರೆ ಆಗುವುದಿಲ್ಲ. ಶುರು ಮಾಡುವ ಮುಂಚಿನ ಪ್ರಶ್ನೆಯೇ ಬೇರೆ, ಮೂರು ವರ್ಷ ಒಗ್ಗಿದ ಮೇಲಿನ ಪ್ರಶ್ನೆಯೇ ಬೇರೆ. ಅವನ ಮಾತ್ರೆ ಕಿತ್ತುಕೊಂಡರೆ ಅವನಿಗೂ ನಿಮ್ಮ ಮನೆಯವರಿಗಾದ ಬೆವರು, ಭೇದಿಯೇ ಆಗುವುದು. ಇದೇ ಔಷಧ ಅತಿಯಾದರೆ ಫಿಟ್ಸ್ ಬರುವುದುಂಟು. ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಸೇರಿದರೂ ಅಪಾಯ. ಕುಡಿತದ ಜೊತೆ ಸೇರಿದರೆ ಉಸಿರಿಗೇ ಕುತ್ತು. 2018ರಿಂದ ಟ್ರಮಡಾಲ್ ಕೂಡ ಮಾದಕ ವಸ್ತುಗಳ ಕಾಯ್ದೆಯ ಒಳಗಿದೆ, ಆದ್ದರಿಂದ ಚೀಟಿ ಇಲ್ಲದ ಸ್ಟ್ರಿಪ್ ಜೇಬಿನಲ್ಲಿದ್ದರೆ ಕಾನೂನಿನ ತೊಡಕೂ ಇದೆ.

ಅವನಿಗಿರುವುದು ನೋವೋ ಚಟವೋ ಎಂಬ ಪ್ರಶ್ನೆ ಏಳುತ್ತದೆ. ಎರಡೂ ಇರಬಹುದು. ಚಟ ಇದೆ ಅಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ದೆಹಲಿಯ ಏಮ್ಸ್ 2019ರಲ್ಲಿ ಕೊಟ್ಟ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಅಫೀಮು ವರ್ಗದ ಪದಾರ್ಥಗಳಿಂದ ತೊಂದರೆಗೆ ಸಿಕ್ಕಿ ಸಹಾಯ ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ಇವನು ಅಂಥ ಒಬ್ಬನಾಗಿದ್ದರೆ ನಾಚಿಕೆಪಡುವ ಸಂಗತಿಯಲ್ಲ, ಚಿಕಿತ್ಸೆ ಇರುವ ಕಾಯಿಲೆ ಅದು. ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾನೆ ಎಂಬ ನಿಜವಾದ ಲೆಕ್ಕ ಅವನ ಬಾಯಿಂದ ಬರಬೇಕು. ಬೈಗುಳ ಇದ್ದಲ್ಲಿ ಆ ಲೆಕ್ಕ ಬರುವುದಿಲ್ಲ, ಅರ್ಧ ಮಾತ್ರ ಹೇಳುತ್ತಾನೆ. ನೀವು ಮೂವತ್ತು ವರ್ಷ ಹುಡುಗರನ್ನು ನೋಡಿದವರು, ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಲೆಕ್ಕ ಸಿಕ್ಕ ಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ವ್ಯಸನದ ಬಗ್ಗೆ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡೂ ಉಚಿತ ಸಂಖ್ಯೆಗಳು. ಪ್ರಮಾಣವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಸುತ್ತಾರೆ, ಕೆಲವರಿಗೆ ಬ್ಯುಪ್ರೆನಾರ್ಫಿನ್ ಎಂಬ ಬೇರೆ ಔಷಧಕ್ಕೆ ಬದಲಿಸುತ್ತಾರೆ. ಅದರ ಜೊತೆಜೊತೆಗೇ ನೋವಿಗೂ ದಾರಿ ನೋಡಬೇಕು. ಆಪರೇಷನ್ ಆದ ಬೆನ್ನಿನಲ್ಲಿ ಉಳಿಯುವ ಉರಿ, ಕಾಲಿಗೆ ಹರಿಯುವ ಸೆಳೆತ ಎಷ್ಟೋ ಸಲ ನರದ ನೋವು. ಅದಕ್ಕೆ ಬೇರೆಯದೇ ಔಷಧಗಳಿವೆ, ಫಿಸಿಯೊಥೆರಪಿ ಇದೆ, ಅರಿವಳಿಕೆ ತಜ್ಞರು ನಡೆಸುವ ನೋವಿನ ಕ್ಲಿನಿಕ್ಕುಗಳಿವೆ. ನೋವಿಗೆ ಏನೂ ಮಾಡದೆ ಬರೀ ಮಾತ್ರೆ ಬಿಡಿಸಿದರೆ ಅವನು ಮತ್ತೆ ಅದೇ ಅಂಗಡಿ ಬಾಗಿಲಿಗೆ ಹೋಗುತ್ತಾನೆ. ನಾನಾದರೂ ಹೋಗುತ್ತಿದ್ದೆ.

ಒಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ. ಮಾರ್ಫಿನ್ ಎಂದರೆ ಬೆಚ್ಚುವ ನಮ್ಮ ಮನೆಗಳಲ್ಲೇ ಡೈಕ್ಲೊಫಿನ್ಯಾಕ್ ಎಂಬ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ದಿನಾ ಬೆಳಿಗ್ಗೆ ಕಾಫಿ ಜೊತೆ ನುಂಗುವ ಹಿರಿಯರಿದ್ದಾರೆ. ಅದಕ್ಕೆ ಚಟ ಇಲ್ಲ, ನಿಜ. ಆದರೆ ವರ್ಷಗಟ್ಟಲೆ ತಿಂದರೆ ಕಿಡ್ನಿ ಕೆಡಬಹುದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಅದಕ್ಕೂ ಒಂದು ಲೆಕ್ಕ ಬೇಡವೇ?

ನಿಮ್ಮ ಮಗನ ಮೇಲೆ ಕೋಪ ಇಟ್ಟುಕೊಳ್ಳಬೇಡಿ. ತಾಯಿಯ ಮೇಲಿನ ಪ್ರೀತಿಯಿಂದ, ಅಚ್ಚಾದ ಮಾತನ್ನು ನಂಬಿ ಅವನು ಹಾಗೆ ಮಾಡಿದ. ಅವನ ಕಾಳಜಿಗೆ ಮಾಡಲು ಕೆಲಸಗಳಿವೆ. ಮಾತ್ರೆಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿಡಿ, ಕೀಲಿ ನಿಮ್ಮ ಹತ್ತಿರ ಇರಲಿ. ನಿಮ್ಮ ಮನೆಗೆ ಆ ಹುಡುಗನೂ ಬಂದು ಹೋಗುತ್ತಾನೆ, ಮೊಮ್ಮಕ್ಕಳೂ ಆಡುತ್ತಾರೆ, ಹಾಗಾಗಿ ಇದು ಯಾರ ಮೇಲಿನ ಅನುಮಾನವೂ ಅಲ್ಲ. ಎಣಿಸಿ ಬರೆದಿಡುವ ಕೆಲಸ ಮಗ ವಹಿಸಿಕೊಳ್ಳಲಿ. ಉಳಿದ ಮಾತ್ರೆಯನ್ನು ಬಚ್ಚಲಿಗೆ ಹಾಕದೆ ಆಸ್ಪತ್ರೆಗೇ ಹಿಂದಿರುಗಿಸಿ. ಮಾರ್ಫಿನ್ ತೆಗೆದುಕೊಳ್ಳುವಷ್ಟು ದಿನವೂ ಮಲಬದ್ಧತೆ ಇರುತ್ತದೆ, ಅದಕ್ಕೆ ಬರೆದ ಮಾತ್ರೆಯನ್ನು ಬಿಡಬೇಡಿ. ವಿಪರೀತ ಮಂಪರು, ಉಸಿರು ನಿಧಾನವಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಕಾಯದೆ ಫೋನ್ ಮಾಡಿ. ಕಿಡ್ನಿ ಸೋತರೆ ಮಾರ್ಫಿನ್ ಮೈಯಲ್ಲೇ ಉಳಿದು ಹೆಚ್ಚಾಗುತ್ತದೆ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಮಗನೇ ತಾಯಿಯ ಜೊತೆ ವೈದ್ಯರ ಮುಂದೆ ಕೂರಲಿ, ಮನಸ್ಸಿನಲ್ಲಿರುವುದನ್ನೆಲ್ಲ ಅಲ್ಲೇ ಕೇಳಲಿ.

ಲೇಖನ ಯಾರಿಗಾಗಿ ಎಂದು ಕೇಳಿದ್ದಿರಿ. ಬರೆಯುವಾಗ ನಮ್ಮ ಕಣ್ಣ ಮುಂದೆ ಆ ಹುಡುಗನಿದ್ದ, ಅವನನ್ನೂ ನಾವು ಅರ್ಧವೇ ನೋಡಿದ್ದೆವು. ನಿಮ್ಮ ಮನೆಯವರು ಇರಲೇ ಇಲ್ಲ. ಮುಂದಿನ ಸಂಚಿಕೆಯಲ್ಲಿ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಬರುತ್ತದೆ. ಬರೆಯುವವರು ಉಪಶಮನ ಆರೈಕೆಯಲ್ಲಿ ಕೆಲಸ ಮಾಡುವ ಒಬ್ಬ ವೈದ್ಯೆ. ಅಚ್ಚಿಗೆ ಹೋಗುವ ಮೊದಲು ಅದನ್ನು ನಿಮಗೆ ಕಳಿಸುತ್ತೇನೆ. ಅಮ್ಮನವರಿಗೆ ಓದಿ ಹೇಳಿ, ಎಲ್ಲಿ ತಪ್ಪಿದೆ ಎಂದು ಅವರು ಹೇಳಿದ್ದನ್ನು ಹಾಗೆಯೇ ಬರೆದು ಕಳಿಸಿ.